ಈ ತಿಂಗಳ ಪದ

ಸರ್ಕಾರಿ ಶಿಶುವಿಹಾರದಲ್ಲಿ ಅರ್ಧ ದಿನ ಪುಕ್ಕಟೆ. ಇಡೀ ದಿನ ಬಿಡಬೇಕೆಂದರೆ ತಿಂಗಳಿಗೊಮ್ಮೆ ಮಗುವಿನ ಬಾಯಿಂದ ಒಂದು ಪದ ಕೊಡಬೇಕು. ಕೊಟ್ಟ ಪದ ಮತ್ತೆ ಅದರ ನಾಲಿಗೆಗೆ ಬರುವುದಿಲ್ಲ. ಅರ್ಧ ದಿನದ ಕೆಲಸಕ್ಕೆ ಮಗ್ಗದ ಮಾಲೀಕರು ಒಪ್ಪುವುದಿಲ್ಲವಾದ್ದರಿಂದ ನೇಯುವ ತಾಯಂದಿರು ಪದ ಕೊಡಲೇಬೇಕಿತ್ತು; ಮೊದಲು ತಮ್ಮ ಕೈಗೆಟುಕದವುಗಳ ಹೆಸರನ್ನೇ ಕೊಡುತ್ತಿದ್ದರು: ಸೇಬು, ಸಮುದ್ರ, ವಿಮಾನ. ನಾಗವೇಣಿಯೂ ಹಾಗೇ ಮಾಡಿದ್ದಳು. ಅವೆಲ್ಲ ಮುಗಿದ ಮೇಲೆ, ಹೋದ ತಿಂಗಳು ‘ನೋವು’ ಕೊಟ್ಟಿದ್ದಳು. ಮಗಳಿಗೆ ಅದು ಇಲ್ಲದಿದ್ದರೇ ಒಳ್ಳೆಯದು ಅಂದುಕೊಂಡಿದ್ದಳು.

ಸಂಜೆ ಗೇಟಿನ ಹತ್ತಿರ ಮಿಸ್ ಹೇಳಿದರು, “ಮಧ್ಯಾಹ್ನದಿಂದ ಕಿವಿ ಹಿಡ್ಕೊಂಡು ಅಳ್ತಾನೇ ಇದಾಳೆ, ಅಕ್ಕ. ಏನಾಯ್ತು ಅಂತ ಕೇಳಿದ್ರೆ ‘ಕಿವಿ’ ಅಂತಾಳೆ, ಮುಂದಿನ ಮಾತೇ ಬರಲ್ಲ.”

ನಾಗವೇಣಿ ಮಗಳ ಕಿವಿ ಮುಟ್ಟಿ ನೋಡಿದಳು. ಸುಡುತ್ತಿತ್ತು.

“ಈ ತಿಂಗಳು ಯಾವ್ದು ಕೊಡ್ತೀರಾ?” ಮಿಸ್ ಕೇಳಿದರು.

‘ನೀರು’, ‘ಹಸಿವು’, ‘ಬೇಡ’. ದಿನವಿಡೀ ಬೇರೆಯವರ ಕೈಯಲ್ಲಿರುವ ಮಗುವಿಗೆ ಇವುಗಳಲ್ಲಿ ಒಂದನ್ನೂ ಬಿಡುವಂತಿರಲಿಲ್ಲ.

“‘ಅಮ್ಮ’ ತಗೊಳ್ಳಿ,” ಎಂದಳು ನಾಗವೇಣಿ. “ಇವಳು ಕರೀದಿದ್ರೂ ನಾನು ಬಂದೇ ಬರ್ತೀನಲ್ಲ.”

ಸೊಂಟದ ಮೇಲೆ ಕೂತ ಮಗು, ಒಂದು ಕೈ ಕಿವಿಯ ಮೇಲಿಟ್ಟುಕೊಂಡು, ಮನೆಯ ದಾರಿಯುದ್ದಕ್ಕೂ ಅವಳ ಸೆರಗು ಜಗ್ಗುತ್ತಲೇ ಇತ್ತು.