ಸಲಾಮಿ ಶಸ್ತ್ರ

ಬಡಗಿ ನಮ್ಮ ಬಾಗಿಲಿಗೆ ಅಗಸೆ ಎಣ್ಣೆ ಬಳಿಯುತ್ತಿದ್ದಾನೆ. ಆ ವಾಸನೆಗೆ ಪೀಣ್ಯದ ಕಾರ್ಖಾನೆ ಗೇಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಸೇನೆಯಿಂದ ನಿವೃತ್ತರಾದ ಅಪ್ಪ ಅಲ್ಲಿ ಕಾವಲಿಗಿದ್ದರು. ಭುಜದ ನೋವಿನಿಂದ ಬಂದೂಕು ಹೊರಲು ಆಗುತ್ತಿರಲಿಲ್ಲ. ಅಂದು ಸಂಜೆ ಕಾರ್ಖಾನೆಯ ಸಾಹೇಬರು ಅದನ್ನು ವಾಪಸ್ ಪಡೆದು ಲಾಠಿ ಕೊಡುವವರಿದ್ದರು. ನಾನೂ ಅಮ್ಮನೂ ಊಟ ಒಯ್ದಾಗ ಅಪ್ಪ ಬಂದೂಕಿನ ಮರಕ್ಕೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಖಾಕಿ ಅಂಗಿಯ ಎಡಭುಜ ಸವೆದು ನುಣುಪಾಗಿತ್ತು.

"ಕೊಟ್ಬಿಡೋದಕ್ಕೆ ಯಾಕ್ರೀ ಇಷ್ಟು ಉಪಚಾರ?" ಎಂದು ಅಮ್ಮ ಗೊಣಗಿದರು.

ಅಪ್ಪ ಎದ್ದು ಬಂದೂಕನ್ನು ಎದೆಯ ಮುಂದೆ ನೆಟ್ಟಗೆ ಹಿಡಿದರು. "ಇದು ಸಲಾಮಿ ಶಸ್ತ್ರ, ಪುಟ್ಟಿ. ಹಿಂದೆ ದೊಡ್ಡೋರು ಬಂದ್ರೆ ಸಿಪಾಯಿ ಹೀಗೆ ಆಯುಧ ಮುಂದೆ ಹಿಡೀತಿದ್ದ. ನಿಮ್ಮ ಮೇಲೆ ಎತ್ತಲ್ಲ, ಬೇಕಾದ್ರೆ ತಗೊಳ್ಳಿ ಅಂತ. ಅವರು ನಿನ್ನ ಹತ್ರಾನೇ ಇರ್ಲಿ ಅಂತಿದ್ರು. ಹಾಗೆ ಶುರುವಾಯ್ತು ಅಂತ ಕವಾಯತು ಕಲಿಸಿದ ನಮ್ಮ ಉಸ್ತಾದ್ ಹೇಳೋರು."

"ಹಾಗಾದ್ರೆ ಸಾಯಂಕಾಲ ಹೀಗೇ ಹಿಡ್ಕೊಳ್ಳಪ್ಪ. ಸಾಹೇಬ್ರೂ ಇರ್ಲಿ ಅಂತಾರೆ," ಎಂದೆ.

ಅಪ್ಪ ಬಂದೂಕನ್ನು ಗೋಡೆಗೆ ಒರಗಿಸಿದರು. ಅಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಈ ಸಾಹೇಬ್ರು ಮಿಲಿಟರೀಲಿ ಇದ್ದೋರಲ್ಲ ಕಣೇ. ಕೊಟ್ರೆ ತಗೋತಾರೆ. ರೀ, ಕೂತ್ಕೊಳ್ಳಿ, ಸಾರು ಆರೋಗುತ್ತೆ," ಎಂದರು.