ಮೇ ಒಂದರ ಮುತ್ತು

ರೈಲಿನಿಂದ ಓತಕರ್ ಒಬ್ಬನೇ ಇಳಿಯಲಿಲ್ಲ. ನೀಲಿ ಮೇಲಂಗಿಯ ಹೆಂಗಸೊಬ್ಬಳು ಅವನ ತೋಳು ಹಿಡಿದಿದ್ದಳು. ಅವನು ಏನೋ ಹೇಳಿದ, ಇಬ್ಬರೂ ನಕ್ಕರು. ರೇಗನ್ಸ್‌ಬರ್ಗ್ ನಿಲ್ದಾಣದಲ್ಲಿ ಕಾಯುತ್ತಿದ್ದ ಹೆಂಡತಿ ಯಿತ್ಕಾ ಅವನ ಹೆಸರು ಹಿಡಿದು ಕೂಗಿದಳು. ಆ ಹೆಂಗಸು ಇವಳನ್ನೊಮ್ಮೆ ನೋಡಿ, ಅವನ ಕಿವಿಯಲ್ಲಿ ಏನೋ ಉಸುರಿ, ತೋಳು ಬಿಟ್ಟು ಹೊರಟುಹೋದಳು.

“ಯಾರೋ ಅವಳು?”

“ಯಾರೋ ಪುಣ್ಯಾತ್ಗಿತ್ತಿ. ಪೆಟ್ಟಿಗೆ ಇಳಿಸಿಕೊಟ್ಳು.”

“ಪೆಟ್ಟಿಗೆ ನಿನ್ನ ಕೈಯಲ್ಲೇ ಇದೆಯಲ್ಲೋ!”

“ಬರ್ತಿದ್ದ ಹಾಗೇ ಪೊಲೀಸ್ ಕೆಲಸ ಶುರು ಮಾಡಿದ್ಯಾ?” ಎಂದು ನಕ್ಕು ಓತಕರ್ ಅವಳ ತೋಳಿಗೆ ತೋಳು ಸೇರಿಸಿದ. ಆಮೇಲೆ ಮೂರು ದಿನವೂ ನಡೆಯುವಾಗ ಅದನ್ನು ಬಿಡಲಿಲ್ಲ. ತಪ್ಪು ಮಾಡಿದ ಗಂಡಸರು ಹೀಗೇ ಅಂಟಿಕೊಳ್ಳುತ್ತಾರೆ ಎಂದುಕೊಂಡಳು ಯಿತ್ಕಾ.

ಅವಳು ಗಡಿಯಾಚೆ ಲಿಂಜ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವನು ತಮ್ಮೂರು ಪ್ಲಜೆನ್‌ನಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ರಜೆ ಸಿಕ್ಕಾಗ ಇಬ್ಬರೂ ರೈಲು ಹತ್ತಿ ನಡುವಿನ ಯಾವುದಾದರೂ ಹಳೆಯ ಊರಿನಲ್ಲಿ ಸೇರುವುದು, ಎರಡು ಚರ್ಚು, ಒಂದು ಸೇತುವೆ ನೋಡಿ, ಚೆನ್ನಾಗಿ ತಿಂದು, ಸ್ವಲ್ಪ ಜಗಳವಾಡಿ ಹಿಂದಿರುಗುವುದು ಮೂರು ವರ್ಷದ ಅಭ್ಯಾಸ. ಹೊಸ ವರ್ಷಕ್ಕೆ ಭೇಟಿಯಾದವರು ಮತ್ತೆ ಸೇರಿದ್ದು ಈಗಲೇ. ಫೆಬ್ರವರಿಯಲ್ಲಿ ಅವನು ಕೆಲಸ ಬಿಟ್ಟಿದ್ದ. ಯಾಕೆಂದು ಕೇಳಿದರೆ ಫೋನಿನಲ್ಲಿ “ಸಾಕಾಯ್ತು” ಎಂದಿದ್ದ, ಅಷ್ಟೇ.

ಈ ಸಲ ಅವಳ ಚೀಲದಲ್ಲಿ ಒಂದು ಕಾಗದವಿತ್ತು. ಇನ್ನೆರಡು ವರ್ಷ ಇರುವುದಾದರೆ ಮಂಗಳವಾರದೊಳಗೆ ಸಹಿ ಮಾಡಿ ಎಂದು ಆಸ್ಪತ್ರೆಯವರು ಕೊಟ್ಟದ್ದು. ಬೇಡ, ಮನೆಗೆ ಬಾ ಎಂದು ಅವನು ಒಂದೇ ಒಂದು ಮಾತು ಹೇಳಿದರೆ ಹರಿದು ಡ್ಯಾನ್ಯೂಬಿಗೆ ಎಸೆಯಲು ತಯಾರಾಗಿಯೇ ಬಂದಿದ್ದಳು.

ಕಲ್ಲುಸೇತುವೆಯ ಪಕ್ಕದ ಬೆಂಚಿನಲ್ಲಿ ಸಾಸೇಜು ತಿನ್ನುತ್ತಾ ವಿಷಯ ಹೇಳಿ ಕಾಗದ ಕೊಟ್ಟಳು. ಅವನು ಓದಲೂ ಇಲ್ಲ. ಮಡಚಿ ವಾಪಸು ಕೊಟ್ಟ.

“ಸೈನ್ ಹಾಕು. ಎರಡು ವರ್ಷ ತಾನೇ.”

“ನಾನು ಬರೋದು ನಿಂಗೆ ಬೇಡ್ವಾ?”

“ನನಗೋಸ್ಕರ ನೀನು ಏನೂ ಬಿಡಬೇಡ ಕಣೇ. ಅಷ್ಟೇ ನಾನು ಕೇಳೋದು.”

ಅಂದರೆ ಬೇಡ. ಅವಳು ಕಾಗದವನ್ನು ಚೀಲಕ್ಕೆ ತುರುಕಿದಳು. ಅವನಿಗಾಗಿಯೇ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡು ಬಂದಿದ್ದಳು. ಹೆಂಡತಿಯ ಕೂದಲಿನ ಕಡೆ ಗಂಡಂದಿರ ಗಮನ ಹೋಗುವುದಿಲ್ಲ, ನಿಜ. ಆದರೆ ಇಷ್ಟು ಕೆಂಪಿಗೂ ಒಂದು ಮಾತು ಬೇಡವೇ? ಮಾತಾಡುವಾಗ ಅವನ ನೋಟ ಅವಳ ಭುಜದಾಚೆಗೆ ಎಲ್ಲೋ ಇರುತ್ತಿತ್ತು.

ಭಾನುವಾರ ಕೆಥೆಡ್ರಲ್‌ಗೆ ಹೋದರು. ಕಾಲು ನೋವು, ನೀನು ಸುತ್ತಿಕೊಂಡು ಬಾ ಎಂದು ಅವನು ಬೆಂಚಿನ ಮೇಲೆ ಕುಳಿತ. ಅವಳು ಹಿಂದಿರುಗಿದಾಗ ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದರೊಳಗೆ ಒಬ್ಬ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು. ಯಿತ್ಕಾಳ ಹೆಜ್ಜೆ ಹತ್ತಿರವಾಗುತ್ತಲೇ ಅವನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಯಾರೆಂದು ಕೇಳಿದರೆ ಉತ್ತರ ಸಿಕ್ಕಿಬಿಡಬಹುದು ಎಂಬ ಭಯ ಅವಳಿಗೆ.

ಮಾರನೆಯ ದಿನ ಮೇ ಒಂದು. ಆ ದಿನ ಹೂಬಿಟ್ಟ ಚೆರ್ರಿ ಮರದ ಕೆಳಗೆ ಮುತ್ತು ಸಿಗದ ಹೆಂಗಸು ವರ್ಷದೊಳಗೆ ಒಣಗಿಹೋಗುತ್ತಾಳೆಂದು ಅವರ ಕಡೆ ನಂಬುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಓತಕರ್ ಒಮ್ಮೆಯೂ ತಪ್ಪಿಸಿರಲಿಲ್ಲ. ಒಂದು ವರ್ಷ ಜ್ವರದಲ್ಲಿ ಕಂಬಳಿ ಹೊದ್ದುಕೊಂಡೇ ಹಿತ್ತಿಲಿಗೆ ಬಂದಿದ್ದ. ಇದನ್ನೂ ಮರೆತನೆಂದರೆ ಎಲ್ಲ ಮುಗಿದಂತೆಯೇ ಎಂದು ಅವಳು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು. ಅವಳ ರೈಲು ಹನ್ನೆರಡಕ್ಕೆ.

ತಿಂಡಿಯ ಹೊತ್ತಿಗೆ ಅವನು ಮೇಜಿನ ಬಳಿ ಇರಲಿಲ್ಲ. ಬಾಗಿಲ ಹತ್ತಿರ ಹೋಟೆಲಿನ ಒಡತಿಯೊಂದಿಗೆ ಪಿಸುಗುಟ್ಟುತ್ತಿದ್ದ. ಒಡತಿ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ರೈಲಲ್ಲಿ ಸೈನ್ ಹಾಕ್ತೀನಿ,” ಎಂದಳು ಯಿತ್ಕಾ, ಅವನು ಬಂದು ಕುಳಿತಾಗ.

“ಒಳ್ಳೇದು.”

“ಇನ್ನೇನಾದ್ರೂ ಹೇಳೋದಿದ್ಯಾ?”

“ಹೊಳೆ ದಂಡೆ ಮೇಲೆ ನಡ್ಕೊಂಡು ಹೋಗೋಣ. ಇನ್ನೂ ಟೈಮಿದೆ.”

ದಂಡೆಯುದ್ದಕ್ಕೂ ಅವನು ಏನನ್ನೋ ಎಣಿಸುತ್ತಿರುವಂತಿತ್ತು. ತುಟಿ ಮಾತ್ರ ಅಲುಗುತ್ತಿತ್ತು. ಅವಳು ಕೊನೆಯ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು: ಬೇರೆಯಾಗೋಣ, ಓತಕರ್. ಬಾಯಿ ತೆರೆಯುವಷ್ಟರಲ್ಲಿ ಅವನು ಗಕ್ಕನೆ ನಿಂತ. ಪಕ್ಕಕ್ಕೆ ಕೈಚಾಚಿ ಮರದ ಬೊಡ್ಡೆ ಮುಟ್ಟಿದ, ಅವಳನ್ನು ಸೆಳೆದುಕೊಂಡು ಮುತ್ತಿಟ್ಟ. ಮೊದಲ ವರ್ಷದ ಹಾಗೆಯೇ, ದೀರ್ಘವಾಗಿ.

ಮೂರು ದಿನದ ಸಂಕಟವೆಲ್ಲ ಅವಳ ಕಣ್ಣಿನಿಂದ ಹರಿಯಿತು. ಮರೆತಿಲ್ಲ, ಇವನು ಮರೆತಿಲ್ಲ!

“ಮರೆತೆ ಅಂದ್ಕೊಂಡ್ಯಾ ಪೆದ್ದೀ?” ಎಂದು ಓತಕರ್ ಮುಖ ಮೇಲೆತ್ತಿ ನಿಂತ. “ನೋಡೇ, ಈ ಸಲ ಎಷ್ಟು ಬಿಟ್ಟಿದೆ! ಒಂದು ಕೊಂಬೇನೂ ಕಾಣ್ತಿಲ್ಲ, ಎಲ್ಲಾ ಬಿಳಿ ಹೂವೇ.”

ಯಿತ್ಕಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಹೂಬಿಟ್ಟ ಚೆರ್ರಿ ಇನ್ನೂ ಹತ್ತು ಹೆಜ್ಜೆ ಮುಂದಿತ್ತು. ಅವರು ನಿಂತಿದ್ದ ಮರ ಎಂದೋ ಒಣಗಿ, ಒಂದು ಎಲೆಯೂ ಇಲ್ಲದೆ ಬೋಳಾಗಿತ್ತು.