ಒಂಬತ್ತನೆಯ ರೀಲು

ಆಪರೇಟರ್ ಒಂಬತ್ತನೆಯ ರೀಲಿನ ಡಬ್ಬಿಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿ, ಹತ್ತನೆಯ ರೀಲನ್ನು ಯಂತ್ರಕ್ಕೆ ಏರಿಸಿದ. ತೆರೆಯ ಮೇಲೆ ತುಂಬಿದ ಬಸುರಿಯಾಗಿ ನಗುತ್ತಿದ್ದ ನಾಯಕಿ ಮರುಕ್ಷಣ ಆಸ್ಪತ್ರೆಯ ವರಾಂಡದಲ್ಲಿ ತನ್ನ ಹೆಸರೇ ಮರೆತು ಕೂತಿದ್ದಳು. ಕೆಳಗೆ ಯಾರೂ ಸಿಳ್ಳೆ ಹಾಕಲಿಲ್ಲ. ಹಳೆಯ ಸಿನಿಮಾ, ಸಂಜೆ ಆಟ. ಅರ್ಧ ಜನ ಅಳಲು ಬಂದವರು, ಮಿಕ್ಕವರು ನಿದ್ದೆ ತೆಗೆಯಲು ಬಂದವರು. ದೂರದವರಿಗೆ ಬಸ್ಸು ತಪ್ಪದಿರಲೆಂದು ಯಾವುದಾದರೂ ಒಂದು ರೀಲು ಹಾರಿಸುವುದು ಆ ಟಾಕೀಸಿನಲ್ಲಿ ಮೊದಲಿನಿಂದ ನಡೆದುಬಂದದ್ದೇ. ಮಾಲೀಕನ ಒಪ್ಪಿಗೆಯೂ ಇತ್ತು.

ಆದರೆ ಇವತ್ತು ಹಾರಿಸಿದ್ದು ಬಸ್ಸಿಗಾಗಿ ಅಲ್ಲ. ಬಾಲ್ಕನಿಯಲ್ಲಿ ಅವನ ಹೆಂಡತಿ ಕೂತಿದ್ದಳು.

ಆಕೆ ಅದೇ ಟಾಕೀಸಿನ ಟಿಕೆಟ್ ಕೌಂಟರಿನವಳು. ಹೋದ ತಿಂಗಳು ತನ್ನ ಅಕ್ಕನ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು, ತಲೆಗೆ ಪೆಟ್ಟಾಯಿತು. ಎಚ್ಚರವಾದಾಗ ಹಿಂದಿನ ಒಂದೂವರೆ ವರ್ಷ ಪೂರ್ತಿ ಅಳಿಸಿಹೋಗಿತ್ತು. ಅದಕ್ಕೂ ಹಿಂದಿನದೆಲ್ಲ ಚೆನ್ನಾಗಿಯೇ ನೆನಪಿತ್ತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, ಇವರೆಲ್ಲಿ ಎಂದು. ಅಕ್ಕ ಬೆಪ್ಪಾದಳು. ಇನ್ನು ಆ ಮನುಷ್ಯನ ಮುಖ ನೋಡುವುದಿಲ್ಲವೆಂದು ಸೂಟ್‌ಕೇಸು ಹಿಡಿದು ತನ್ನ ಮನೆಗೆ ಬಂದವಳು ಇದೇ ತಂಗಿಯಲ್ಲವೇ? ಮಗು ಉಳಿಯಲಿಲ್ಲವೆಂಬುದಷ್ಟೇ ಅಕ್ಕನಿಗೂ ಗೊತ್ತು. ಅದರ ಮೇಲೆ ಒಂದು ಮಾತು ಕೇಳಲು ತಂಗಿ ಬಿಟ್ಟಿರಲಿಲ್ಲ.

ಸ್ವಲ್ಪ ಸ್ವಲ್ಪವಾಗಿ ತಿಳಿಸಿ ಎಂದರು ಡಾಕ್ಟರು. ಆಪರೇಟರ್ ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಕಿವಿಗೆ ಹಾಕಿಕೊಂಡ. ಹೆಂಡತಿಯನ್ನು ಮನೆಗೆ ಕರೆತಂದ, ಅಕ್ಕಪಕ್ಕದವರ ಕೈಕಾಲು ಹಿಡಿದು ಬಾಯಿ ಮುಚ್ಚಿಸಿದ. ಅವಳು ಮೊದಲಿನಂತೆಯೇ ಅವನ ಗೊರಕೆಯನ್ನು ಅಣಕಿಸುತ್ತಿದ್ದಳು, ಮಾತಿನ ನಡುವೆ ಅವನ ತಟ್ಟೆಗೆ ಕೈಹಾಕುತ್ತಿದ್ದಳು. ಅವನಿಗೆ ಸುಖವಾಗಿತ್ತು, ನಾಚಿಕೆಯೂ ಆಗುತ್ತಿತ್ತು. ಸುಖವೇ ಒಂದು ಕೈ ಮೇಲಿತ್ತು. ನೋಡಲು ಬಂದಾಗಲೆಲ್ಲ ಅಕ್ಕ ಅವನನ್ನು ಬಾಗಿಲಾಚೆ ಕರೆದು, ನೀವು ಹೇಳುತ್ತೀರೋ ನಾನೇ ಹೇಳಲೋ ಎಂದು ಕೇಳುತ್ತಿದ್ದಳು. ಇನ್ನೊಂದು ವಾರ ಅತ್ತಿಗೆ, ಎಂದು ಅವನು ದಿನ ತಳ್ಳುತ್ತಿದ್ದ. ಹೇಳಿದ ದಿನವೇ ಅವಳು ಮತ್ತೆ ಸೂಟ್‌ಕೇಸು ಹಿಡಿಯುತ್ತಾಳೆ ಎಂಬ ಭಯ ಅವನಿಗೆ.

ಪ್ರೊಜೆಕ್ಟರ್ ಕೋಣೆಯ ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದು, ಬೆಂಚಿನ ಮೇಲಿದ್ದ ಖಾಲಿ ಡಬ್ಬಿಗಳನ್ನು ಬದಿಗೆ ಸರಿಸಿ ಕೂತಳು.

“ಒಂಬತ್ತು ಯಾಕೆ ಹಾಕಲಿಲ್ಲ?”

“ಬಸ್ಸಿಗೆ ಲೇಟಾಗುತ್ತಲ್ಲ.”

“ಬಸ್ಸಿಗೆ ಅಂದ್ರೆ ನೀವು ಹಾರಿಸೋದು ಐದು, ಆ ದೋಣಿ ಹಾಡಿಂದು. ಮದುವೆಗೆ ಮುಂಚೆ ಈ ಸಿನಿಮಾನ ಇಲ್ಲೇ, ಈ ಕಿಂಡೀಲೇ ಎಷ್ಟು ಸಲ ತೋರಿಸಿದೀರಿ ನಂಗೆ. ಒಂಬತ್ತನ್ನ ಯಾವತ್ತೂ ಮುಟ್ಟಿದವರಲ್ಲ.”

ಅವಳು ಮರೆತದ್ದು ಒಂದೂವರೆ ವರ್ಷ. ಈ ಸಿನಿಮಾ ನೋಡಿದ್ದು ಅದಕ್ಕೂ ಎಷ್ಟೋ ಮುಂಚೆ. ಇಷ್ಟು ಸಣ್ಣ ವಿಷಯ ಅವನ ತಲೆಗೆ ಹೊಳೆದೇ ಇರಲಿಲ್ಲ. ಪ್ರಿಂಟು ಹರಿದಿದೆ ಅನ್ನೋಣವೆಂದುಕೊಂಡ, ಆದರೆ ಡಬ್ಬಿ ಅವಳ ಕಾಲ ಬುಡದಲ್ಲೇ ಇತ್ತು.

“ಅದರಲ್ಲಿ ಅವಳ ಮಗು ಹೋಗುತ್ತೆ,” ಅಂದಳು ಅವಳು. “ನಾನು ಯಾಕೆ ಅದನ್ನ ನೋಡಬಾರದು?”

ಅವನು ಹೇಳಿದ. ಆಗ ಅವಳಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ಸಂಜೆ ಆಟ ನಡೆಯುತ್ತಿದ್ದಾಗ ಪಕ್ಕದ ಮನೆಯವರು ಓಡಿಬಂದು, ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬನ್ನಿ ಎಂದಿದ್ದರು. ಹೌಸ್‌ಫುಲ್ ಆಟ, ಯಂತ್ರ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆಟ ಮುಗಿಸಿ ಬರ್ತೀನಿ ಅಂತ ಹೇಳಿ ಎಂದು ಅವರನ್ನು ಕಳಿಸಿದ್ದ. ಆಟ ನಿಲ್ಲಿಸಬಹುದಿತ್ತು. ಜನ ಕೂಗಾಡುತ್ತಿದ್ದರು, ಮಾಲೀಕ ಬೈಯುತ್ತಿದ್ದ, ಅಷ್ಟೆ. ಅವನು ಹೋಗುವ ಹೊತ್ತಿಗೆ ಎಲ್ಲ ಮುಗಿದು, ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೇಳುತ್ತ ಹೇಳುತ್ತಲೇ ಹತ್ತನೆಯ ರೀಲು ಮುಗಿಯಲು ಬಂತು. ಅವನ ಕೈ ತಾನಾಗಿಯೇ ಪಕ್ಕದ ಯಂತ್ರಕ್ಕೆ ಹೋಗಿ ಹನ್ನೊಂದನ್ನು ಶುರುಮಾಡಿತು. ಅವಳು ಅದನ್ನೂ ನೋಡಿದಳು.

ಅವಳು ಅಳಲಿಲ್ಲ, ಬೇರೆ ಯಾರದೋ ಸಂಗತಿ ಕೇಳುವವಳ ಹಾಗೆ ಕೂತಿದ್ದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಆಗ ನನ್ನ ಹತ್ರ ಯಾರಿದ್ರು?”

“ಪಕ್ಕದ ಮನೆಯವರು ನನಗೆ ಹೇಳೋಕೆ ಬಂದಿದ್ರು. ಒಳಗೆ ನೀನೊಬ್ಬಳೇ.”



“ಹೆಣ್ಣಾ, ಗಂಡಾ?”

ಅವನು ಯಂತ್ರದ ಕಡೆ ನೋಡಿದ, ಅದು ತನ್ನ ಪಾಡಿಗೆ ಓಡುತ್ತಿತ್ತು.

“ನಾನು ಬರೋಷ್ಟರಲ್ಲಿ ತಗೊಂಡು ಹೋಗಿದ್ರು. ಕೇಳಲಿಲ್ಲ.”

“ಆಮೇಲೆ?”

“ಆಮೇಲೂ ಕೇಳಲಿಲ್ಲ. ನಿನ್ನ ಮುಖ ನೋಡಿ ಕೇಳೋ ಧೈರ್ಯ ಬರಲಿಲ್ಲ.”

“ನಾನು ನೋಡಿರ್ತೀನಿ,” ಅಂದಳು ಅವಳು. “ನಂಗೊಬ್ಬಳಿಗೇ ಗೊತ್ತಿತ್ತು.”